ಡೈವಿಂಗ್ ಬ್ಯಾಗಿಗೆ ಯಾವುದರದ್ದು ಎರಡು ಬೇಕು, ಯಾವುದರದ್ದು ಬೇಡ

ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪ ಸುಮಾರು 19 ಕಿಲೋಮೀಟರ್ ದೂರ. ದೋಣಿ ಅಲ್ಲಿ ನಿಂತ ಮೇಲೆ ಸಿಲಿಂಡರಿನ ವಾಲ್ವ್ ತಿರುಗಿಸಿದಾಗ ಬುಸ್ಸೆಂದು ಗಾಳಿ ಸೋರಿದರೆ, ಸಂದು ಮುಚ್ಚುವ ರಬ್ಬರ್ ಬಳೆಯಾದ ಒಂದು ಓ-ರಿಂಗಿಗಾಗಿ ಯಾರೂ ದೋಣಿಯನ್ನು ದಡಕ್ಕೆ ತಿರುಗಿಸುವುದಿಲ್ಲ. ಉಳಿದವರು ನೀರಿಗೆ ಇಳಿಯುತ್ತಾರೆ, ರಿಂಗ್ ಇಲ್ಲದವರು ಮೇಲೆ ಕೂತು ಬಿಸಿಲು ಕಾಯುತ್ತಾರೆ. ಡೈವ್ ತಪ್ಪುವುದು ಹೆಚ್ಚಾಗಿ ಇಂಥ ಪುಡಿ ಕಾರಣಗಳಿಂದಲೇ. ಸಿಲಿಂಡರಿನ ಗಾಳಿಯನ್ನು ಉಸಿರಿಗೆ ತಕ್ಕಷ್ಟು ಒತ್ತಡಕ್ಕೆ ಇಳಿಸಿ ಬಾಯಿಗೆ ಕೊಡುವ ರೆಗ್ಯುಲೇಟರ್ ಪೂರ್ತಿ ಕೈಕೊಡುವುದು ಅಪರೂಪ. ಅದರ ಬಾಯಿತುಂಡು ಹರಿಯುವುದು, ಕಾಲಿನ ಫಿನ್ ಪಟ್ಟಿ ತುಂಡಾಗುವುದು, ಕೈಗೆ ಕಟ್ಟುವ ಡೈವ್ ಕಂಪ್ಯೂಟರಿನ ಬ್ಯಾಟರಿ ಸಾಯುವುದು ಮಾತ್ರ ಪ್ರತಿ ಸೀಸನ್ನಿನಲ್ಲೂ ಇದ್ದದ್ದೇ.

ಆದರೂ ಹಲವರು ಪ್ಯಾಕಿಂಗ್ ಮಾಡುವುದು ಇದಕ್ಕೆ ತದ್ವಿರುದ್ಧವಾಗಿ. ದೊಡ್ಡ ಸಾಮಾನಿಗೆಲ್ಲ ಎರಡನೆಯದನ್ನು ತುಂಬಿಕೊಂಡು, ಚಿಕ್ಕದನ್ನು ‘ಅಲ್ಲೇ ಸಿಗುತ್ತದೆ’ ಎಂದು ಬಿಟ್ಟುಬಿಡುತ್ತಾರೆ. ಅಲ್ಲಿ ಸಿಗುವುದು ದೊಡ್ಡದೇ. ಅಂಡಮಾನಿನ ಹ್ಯಾವ್‌ಲಾಕಿನ (ಈಗಿನ ಸ್ವರಾಜ್ ದ್ವೀಪ) ಯಾವ ಡೈವ್ ಸೆಂಟರಿನಲ್ಲೂ ಬಾಡಿಗೆಗೆ ಬಿಸಿಡಿ (ಗಾಳಿ ತುಂಬಿ ತೇಲುವಿಕೆ ಹೊಂದಿಸುವ ಜಾಕೆಟ್), ರೆಗ್ಯುಲೇಟರ್ ಸಿಗುತ್ತವೆ. ಸಿಗದಿರುವುದು ನಿಮ್ಮ ಫಿನ್ನಿಗೆ ಮಾತ್ರ ಕೂರುವ ಬಕಲ್, ನಿಮ್ಮ ಬಿಸಿಡಿಗೆ ಮಾತ್ರ ಹೊಂದುವ ತೂಕದ ಚೀಲ, ನಿಮ್ಮ ಕಣ್ಣಿನ ಪವರ್ ಇರುವ ಮಾಸ್ಕ್. ಬಿಡಿಭಾಗ ಆರಿಸುವಾಗ ನನ್ನ ಲೆಕ್ಕ ಇಷ್ಟೇ: ಇದು ಕೆಟ್ಟರೆ ಡೈವ್ ನಿಲ್ಲುತ್ತದೆಯೇ, ನಿಂತರೆ ಅಲ್ಲಿ ಸಿಗುವ ಇನ್ನೊಂದು ನನ್ನ ಸಾಮಾನಿಗೆ ಕೂರುತ್ತದೆಯೇ? ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ ಎಂಬ ಉತ್ತರ ಬಂದರೆ ಅದು ಬ್ಯಾಗಿಗೆ ಹೋಗಬೇಕು.

ಓ-ರಿಂಗುಗಳು

ಇವುಗಳಿಂದಲೇ ಶುರು ಮಾಡಬೇಕು. ಬೆಲೆ ಪುಡಿಗಾಸು, ತೂಕ ಇಲ್ಲವೇ ಇಲ್ಲ, ಕೆಡುವುದು ಎಲ್ಲಕ್ಕಿಂತ ಹೆಚ್ಚು. ಆದರೆ ‘ಬಗೆಬಗೆಯ 200 ರಿಂಗುಗಳ ಡಬ್ಬಿ’ ಎಂದು ಆನ್‌ಲೈನಿನಲ್ಲಿ ಮಾರುವುದನ್ನು ಕೊಂಡರೆ ಪ್ರಯೋಜನವಿಲ್ಲ. ಅವು ಸಾಮಾನ್ಯವಾಗಿ 70 ಗಡಸುತನದ ನೈಟ್ರೈಲ್ ರಿಂಗುಗಳು, ನಲ್ಲಿ ಪೈಪಿಗೆ ಸರಿ. 200 ಬಾರ್ ಒತ್ತಡ ಬೀಳುವ ಜಾಗಕ್ಕೆ 90 ಡ್ಯೂರೋಮೀಟರ್ ಗಡಸುತನ ಬೇಕು. ಮೆದು ರಿಂಗ್ ಆ ಒತ್ತಡಕ್ಕೆ ತಾನು ಕೂರುವ ತೋಡಿನಿಂದ ಹಿಂಡಿಕೊಂಡು ಸಂದಿನಲ್ಲಿ ಹೊರಗೆ ಬರುತ್ತದೆ, ಅಂಚು ಕತ್ತರಿಸಿಹೋಗುತ್ತದೆ.

ಬೇಕಾದ ಅಳತೆಗಳು ಹೆಚ್ಚಿಲ್ಲ. ಯೋಕ್ ಮಾದರಿಯ (ರೆಗ್ಯುಲೇಟರನ್ನು ಹೊರಗಿನಿಂದ ಚೌಕಟ್ಟು ಹಾಕಿ ಬಿಗಿಯುವ) ಸಿಲಿಂಡರ್ ವಾಲ್ವಿನ ಮುಖಕ್ಕೆ ಬಹುತೇಕ ಕಡೆ 014 ನಂಬರಿನದ್ದು, ಇದರಲ್ಲಿ ಹತ್ತು ಇಟ್ಟುಕೊಳ್ಳಿ. ನಿಮ್ಮದು ವಾಲ್ವಿನೊಳಕ್ಕೆ ತಿರುಪಿ ಕೂರಿಸುವ ಡಿನ್ ರೆಗ್ಯುಲೇಟರ್ ಆದರೆ ಅದರ ತುದಿಗೆ ಸಾಮಾನ್ಯವಾಗಿ 111, ಕೆಲವಕ್ಕೆ 112. ಕೈಪಿಡಿ ನೋಡಿ ಐದು ಇರಲಿ. ಗೇಜಿಗೆ ಹೋಗುವ ಹೈ ಪ್ರೆಶರ್ ಹೋಸ್ ಫಸ್ಟ್ ಸ್ಟೇಜಿಗೆ (ರೆಗ್ಯುಲೇಟರಿನಲ್ಲಿ ಸಿಲಿಂಡರಿಗೆ ಕೂರುವ ಭಾಗ) ಸೇರುವಲ್ಲಿ 012, ಲೋ ಪ್ರೆಶರ್ ಹೋಸ್ ಸೇರುವಲ್ಲಿ 011, ಅದೇ ಹೋಸಿನ ಇನ್ನೊಂದು ತುದಿ ಬಾಯಿಗೆ ಹಾಕುವ ಸೆಕೆಂಡ್ ಸ್ಟೇಜಿಗೆ ಸೇರುವಲ್ಲಿ 010. ಇವು ತಲಾ ಮೂರೋ ನಾಲ್ಕೋ ಸಾಕು. 010, 011, 012, 014 ಈ ನಾಲ್ಕರ ದಪ್ಪವೂ ಒಂದೇ, 1.78 ಮಿಲಿಮೀಟರ್. ಒಳವ್ಯಾಸ ಮಾತ್ರ ಬೇರೆ. ಅಲುಗಾಡುವ ದೋಣಿಯಲ್ಲಿ, ಒದ್ದೆ ಕೈಯಲ್ಲಿ 011 ಯಾವುದು 012 ಯಾವುದು ಎಂದು ಕಣ್ಣಳತೆಯಲ್ಲಿ ಹೇಳುವುದು ಕಷ್ಟ. ಹಾಗಾಗಿ ಒಂದೊಂದು ಅಳತೆಗೂ ಬೇರೆ ಜಿಪ್ ಕವರ್, ಅದರ ಮೇಲೆ ಅಳಿಸದ ಪೆನ್ನಿನಲ್ಲಿ ‘ಟ್ಯಾಂಕ್’, ‘ಎಚ್‌ಪಿ’, ‘ಎಲ್‌ಪಿ’ ಎಂಬ ಬರಹ. ನಂಬರಿಗಿಂತ ಜಾಗದ ಹೆಸರೇ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಕೊನೆಗೆ ಅದನ್ನು ಹುಡುಕುವವರು ನೀವೇ ಆಗಿರಬೇಕೆಂದಿಲ್ಲ.

ಇನ್ನೊಂದನ್ನು ಬಹಳ ಮಂದಿ ಮರೆಯುತ್ತಾರೆ. ಪ್ರೆಶರ್ ಗೇಜ್ ಹೋಸಿನ ತುದಿಯಲ್ಲಿ ತಿರುಗುತ್ತದಲ್ಲ, ಆ ತಿರುಗಣೆಯೊಳಗೆ ಬೆಂಕಿಕಡ್ಡಿಗಿಂತ ಸಣ್ಣದೊಂದು ಲೋಹದ ಕಡ್ಡಿಯಿದೆ, ಅದನ್ನು ಸ್ಪೂಲ್ ಎನ್ನುತ್ತಾರೆ. ಅದರ ಎರಡು ತುದಿಗೂ 003 ಅಳತೆಯ ಪುಟಾಣಿ ರಿಂಗ್. ಗೇಜಿನ ಬುಡದಿಂದ ಸೂಜಿಮೊನೆಯಂಥ ಗುಳ್ಳೆಗಳ ಸಾಲು ಏಳುತ್ತಿದ್ದರೆ ತೊಂದರೆ ಅಲ್ಲಿಯೇ. ರಿಂಗ್ ಬಿಡಿಯಾಗಿ ಒಯ್ಯುವುದಕ್ಕಿಂತ ರಿಂಗ್ ಸಮೇತ ಜೋಡಿಸಿದ ಸ್ಪೂಲನ್ನೇ ಎರಡು ಇಟ್ಟುಕೊಳ್ಳುವುದು ವಾಸಿ. ಆ ಪುಟಾಣಿ ರಿಂಗನ್ನು ದೋಣಿಯ ಹಲಗೆಯ ಮೇಲೆ ಬೀಳಿಸಿದರೆ ಅದು ಸಮುದ್ರದ ಪಾಲು.

ಸಿಲಿಂಡರಿನ ರಿಂಗ್ ಸೋರುವುದಕ್ಕೆ ರಿಂಗ್ ಹಳೆಯದಾಗಿರುವುದೊಂದೇ ಕಾರಣವಲ್ಲ. ಯೋಕ್ ಓರೆಯಾಗಿ ಕೂತಿರಬಹುದು, ತೋಡಿನಲ್ಲಿ ಮರಳಿನ ಕಣ ಇರಬಹುದು, ಇಲ್ಲವೇ ಮೊದಲು ಯಾರೋ ಸ್ಕ್ರೂಡ್ರೈವರಿನಿಂದ ರಿಂಗ್ ಕಿತ್ತು ತೋಡಿಗೇ ಗೀರು ಹಾಕಿರಬಹುದು. ಬದಲಿಸುವ ಕ್ರಮ ಹೀಗೆ. ವಾಲ್ವ್ ಮುಚ್ಚಿ, ಸೆಕೆಂಡ್ ಸ್ಟೇಜಿನ ಮುಖದಲ್ಲಿರುವ ಪರ್ಜ್ ಬಟನ್ ಒತ್ತಿ ಹೋಸಿನ ಗಾಳಿ ಪೂರ್ತಿ ಖಾಲಿ ಮಾಡಿ, ಗೇಜ್ ಸೊನ್ನೆ ತೋರಿಸಿದ ಮೇಲೆ ಫಸ್ಟ್ ಸ್ಟೇಜ್ ಬಿಚ್ಚಿ. ಹಿತ್ತಾಳೆ ಅಥವಾ ಪ್ಲಾಸ್ಟಿಕ್ಕಿನ ಪಿಕ್‌ನಿಂದ ಹಳೆಯ ರಿಂಗನ್ನು ಎತ್ತಿ. ತೋಡನ್ನು ಬಟ್ಟೆಯ ಮೂಲೆಯಿಂದ ಒರೆಸಿ, ಬೆರಳ ಉಗುರು ಆಡಿಸಿ ಗೀರು ಇದೆಯೇ ನೋಡಿ; ಉಗುರು ಸಿಕ್ಕಿಕೊಂಡರೆ ಸಿಲಿಂಡರ್ ಬದಲಿಸಿ, ಹೊಸ ರಿಂಗ್ ಹಾಳು ಮಾಡಬೇಡಿ. ಹೊಸದನ್ನು ಹಾಗೆಯೇ ಕೂರಿಸಿ, ಈ ಜಾಗಕ್ಕೆ ಗ್ರೀಸ್ ಬೇಕಿಲ್ಲ. ಬಳಿದರೆ ಮರಳು ಅಂಟುತ್ತದೆ. ಯೋಕ್ ನೇರವಾಗಿ ಕೂರಿಸಿ ಬೆರಳಿನ ಬಿಗಿಯಷ್ಟೇ ತಿರುಗಿಸಿ. ಗೇಜಿನ ಮುಖ ಆಚೆಗಿರಲಿ, ವಾಲ್ವನ್ನು ನಿಧಾನವಾಗಿ ತೆರೆಯಿರಿ.

ಈಗ ಅನೇಕ ಸಿಲಿಂಡರುಗಳಲ್ಲಿ ವಾಲ್ವಿನೊಳಗೆ ಬಿಚ್ಚಬಹುದಾದ ಇನ್ಸರ್ಟ್ ಇರುತ್ತದೆ. ಅದನ್ನು ತೆಗೆದರೆ ಡಿನ್ ಕೂರುತ್ತದೆ, ಇಟ್ಟರೆ ಯೋಕ್. ಅದರ ಹಿಂಬದಿಯಲ್ಲೂ ಒಂದು ರಿಂಗ್ ಅಡಗಿದೆ. ಮುಂದಿನ ರಿಂಗ್ ಎರಡು ಸಲ ಬದಲಿಸಿದರೂ ಸೋರುವಿಕೆ ನಿಲ್ಲದಿದ್ದರೆ ಹಿಂದಿನದ್ದೇ ಅಪರಾಧಿ. ಇನ್ಸರ್ಟ್ ಬಿಚ್ಚಲು ಹೆಚ್ಚಾಗಿ 8 ಮಿಲಿಮೀಟರಿನ, ಕೆಲವಕ್ಕೆ 6 ಮಿಲಿಮೀಟರಿನ ಅಲೆನ್ ಕೀ ಬೇಕು. ಈ ಒಂದು ಕೀ ಇಲ್ಲದೆ ಡಿನ್ ರೆಗ್ಯುಲೇಟರ್ ಹಿಡಿದು ಸಿಲಿಂಡರಿನ ಮುಂದೆ ಸುಮ್ಮನೆ ನಿಲ್ಲಬೇಕಾದೀತು. ಇನ್ಸರ್ಟ್ ತೆಗೆಯಲಾಗದ ಹಳೆಯ ವಾಲ್ವುಗಳೂ ನಮ್ಮ ಕಡೆ ಬೇಕಾದಷ್ಟಿವೆ, ಹಾಗಾಗಿ ಡಿನ್ ಇರುವವರು ಯೋಕ್ ಅಡಾಪ್ಟರನ್ನು ಬ್ಯಾಗಿನಿಂದ ತೆಗೆಯಲೇಬಾರದು. ಯೋಕ್‌ನ ಮಿತಿ 232 ಬಾರ್. ಇಲ್ಲಿ ಸಾಮಾನ್ಯವಾಗಿ ಸಿಗುವ 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರ್ ತುಂಬುವುದು 200 ಬಾರ್ ಆಸುಪಾಸು. ಆದ್ದರಿಂದ ಅಡಾಪ್ಟರ್ ಬಳಸಲು ಹೆದರಬೇಕಿಲ್ಲ.

ಹೋಸುಗಳು

ಲೋ ಪ್ರೆಶರ್ ಹೋಸ್ ಒಡೆಯುವುದಕ್ಕೂ ಹೈ ಪ್ರೆಶರ್ ಹೋಸ್ ಒಡೆಯುವುದಕ್ಕೂ ಅಜಗಜಾಂತರ. ಹೈ ಪ್ರೆಶರ್ ಎಂಬ ಹೆಸರು ಕೇಳಿ ಭಯಪಡುವವರೇ ಜಾಸ್ತಿ. ಆದರೆ ಆ ಪೋರ್ಟಿನ ಒಳತೂತು ಕೂದಲೆಳೆಯ ಹಾಗೆ ಸಣ್ಣದು, ಹೋಸ್ ಪೂರ್ತಿ ಹರಿದರೂ ಗಾಳಿ ನಿಧಾನವಾಗಿ ಹೋಗುತ್ತದೆ; ಸದ್ದು ಭಯಂಕರ, ಸಮಯ ಸಾಕಷ್ಟು. ಲೋ ಪ್ರೆಶರ್ ಹೋಸಿನ ತೂತು ದೊಡ್ಡದು. ಅದು ಹರಿದರೆ ತುಂಬಿದ ಸಿಲಿಂಡರ್ ಕೆಲವೇ ನಿಮಿಷಗಳಲ್ಲಿ ಬರಿದು. ಹಾಗಾಗಿ ಪ್ರವಾಸಕ್ಕೆ ಮುಂಚೆ ಕಣ್ಣಿಟ್ಟು ನೋಡಬೇಕಾದ್ದು ಲೋ ಪ್ರೆಶರ್ ಹೋಸಿನ ಎರಡೂ ತುದಿ. ಹೋಸ್ ಪ್ರೊಟೆಕ್ಟರ್ ಎಂಬ ರಬ್ಬರ್ ತೋಳನ್ನು ಹಿಂದೆ ಸರಿಸಿ ನೋಡಿ. ಬಿರುಕು, ಉಬ್ಬು, ಹಸಿರು ತುಕ್ಕು ಅಡಗುವುದು ಅದರ ಕೆಳಗೇ.

ಮೇಲೆ ನೇಯ್ಗೆಯಿರುವ ಬ್ರೇಡೆಡ್ ಹೋಸುಗಳದ್ದು ಬೇರೆ ಕಥೆ. ಹೊರಗೆ ಹೊಸದರಂತೆ ಕಾಣುತ್ತಲೇ ಒಳಗಿನ ಪ್ಲಾಸ್ಟಿಕ್ ಪದರ ಕೆಡಬಹುದು. ಬಿಸಿ ಮತ್ತು ತೇವದಲ್ಲಿ ಹಳೆಯ ಕೆಲವು ಹೋಸುಗಳೊಳಗೆ ಹಳದಿ ಹರಳು ಕಟ್ಟಿ ಗಾಳಿ ತಡೆದದ್ದು ದಾಖಲಾಗಿದೆ. ನಮ್ಮದು ಬಿಸಿ ನೀರಿನ ದೇಶ. ರಬ್ಬರಾಗಲಿ ಬ್ರೇಡೆಡ್ ಆಗಲಿ, ಐದು ವರ್ಷ ದಾಟಿದ ಹೋಸನ್ನು ಬದಲಿಸಿಯೇ ಹೊರಡುವುದು ಒಳ್ಳೆಯದು. ಬೆಂಡು ಮಾಡಿದಾಗ ಎಂದಿಗಿಂತ ಗಟ್ಟಿ ಅನ್ನಿಸುವ ಹೋಸನ್ನಂತೂ ವಯಸ್ಸು ಕೇಳದೆ ತೆಗೆದುಬಿಡಿ.

ಬಿಡಿಯಾಗಿ ಒಯ್ಯುವುದಾದರೆ ಮೂರು ಬಗೆ ಬೇಕು, ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ಸೆಕೆಂಡ್ ಸ್ಟೇಜಿನದ್ದು 100 ಸೆಂಟಿಮೀಟರ್ ಉದ್ದದ್ದಿರಲಿ, ಆಕ್ಟೋಪಸ್ಸಿಗೂ (ಜೊತೆಗಾರರಿಗೆಂದು ಇರುವ ಎರಡನೇ ಸೆಕೆಂಡ್ ಸ್ಟೇಜ್) ಸರಿ, ತುಸು ಉದ್ದವಾದರೂ ಮುಖ್ಯ ರೆಗ್ಯುಲೇಟರಿಗೂ ನಡೆಯುತ್ತದೆ. ಬಿಸಿಡಿಗೆ ಗಾಳಿ ತುಂಬುವ ಇನ್‌ಫ್ಲೇಟರ್ ಹೋಸ್ 60–70 ಸೆಂಟಿಮೀಟರ್. ಹೈ ಪ್ರೆಶರಿನದ್ದು 80 ಸೆಂಟಿಮೀಟರ್. ಇನ್‌ಫ್ಲೇಟರ್ ಹೋಸಿನ ತಲೆಯಲ್ಲಿ ಎಲ್ಲ ಬಿಸಿಡಿಗೂ ಒಂದೇ ಮಾದರಿ ಇರುವುದಿಲ್ಲ. ಆಕ್ಟೋಪಸ್ಸನ್ನೂ ಇನ್‌ಫ್ಲೇಟರನ್ನೂ ಒಂದೇ ಮಾಡಿರುವ ಮಾದರಿಯಾದರೆ ಅದರ ಕಪ್ಲಿಂಗ್ ದೊಡ್ಡದು, ಬಾಡಿಗೆ ಅಂಗಡಿಯ ಹೋಸ್ ಅದಕ್ಕೆ ಕೂರುವುದಿಲ್ಲ. ಅಂಥ ಬಿಸಿಡಿ ಇರುವವರಿಗೆ ಈ ಒಂದು ಹೋಸ್ ಕಡ್ಡಾಯ ಎನ್ನುತ್ತೇನೆ. ಒಂದು ದಿನದ ಡೈವಿಗೆ ಮೂರನ್ನೂ ಹೊರುವ ಅಗತ್ಯವಿಲ್ಲ.

ಹೋಸಿನ ಜೊತೆ ಫಸ್ಟ್ ಸ್ಟೇಜಿನ ಪೋರ್ಟ್ ಪ್ಲಗ್ ಕೂಡ ಇರಲಿ, ಎಚ್‌ಪಿಗೆ ಒಂದು, ಎಲ್‌ಪಿಗೆ ಒಂದು. ಅಡಿಕೆಯಷ್ಟು ಗಾತ್ರ. ಉದಾಹರಣೆಗೆ ಸಿಲಿಂಡರಿನ ಒತ್ತಡವನ್ನು ತಂತಿಯಿಲ್ಲದೆ ಕಂಪ್ಯೂಟರಿಗೆ ಕಳಿಸುವ ಟ್ರಾನ್ಸ್‌ಮಿಟರ್ ಸೋರಿದರೆ ಅದನ್ನು ಬಿಚ್ಚಿ ಅಲ್ಲಿ ಬಾಡಿಗೆ ಗೇಜ್ ಹಾಕಬಹುದು. ಗೇಜ್ ಇನ್ನೊಂದು ಪೋರ್ಟಿನಲ್ಲಿದ್ದರೆ ಪ್ಲಗ್ ಹಾಕಿ ಡೈವ್ ಮಾಡಬಹುದು. ಪ್ಲಗ್ ಇಲ್ಲದಿದ್ದರೆ ತೂತು ತೂತಾಗಿಯೇ ಉಳಿಯುತ್ತದೆ.

ಬಾಯಿತುಂಡು, ಮಾಸ್ಕ್, ಪಟ್ಟಿ

ಮೌತ್‌ಪೀಸ್ ಎರಡು, ಅದನ್ನು ಬಿಗಿಯುವ ಜಿಪ್ ಟೈ ಹತ್ತು. ಹಲ್ಲು ಕಚ್ಚುವ ಗುಬ್ಬಿ ಹರಿಯುವುದು ಒಂದು ಬಗೆ, ಅದು ಕಣ್ಣಿಗೆ ಕಾಣುತ್ತದೆ. ಜಿಪ್ ಟೈನ ಅಡಿಯಲ್ಲಿ ಸಿಲಿಕೋನ್ ಸೀಳುವುದು ಇನ್ನೊಂದು, ಅದು ಕಾಣುವುದಿಲ್ಲ. ಪ್ರತಿ ಉಸಿರಿಗೂ ಎರಡು ಹನಿ ಉಪ್ಪುನೀರು ಬಾಯಿಗೆ ಬರುತ್ತಿದ್ದರೆ ರೆಗ್ಯುಲೇಟರ್ ಬಿಚ್ಚುವ ಮೊದಲು ಮೌತ್‌ಪೀಸನ್ನು ಎಳೆದು ನೋಡಿ. ಅದು ಸರಿಯಿದ್ದರೆ ಎರಡನೇ ಶಂಕೆ ನಿಶ್ವಾಸದ ಗಾಳಿ ಹೊರಹೋಗುವ ತೆಳು ರಬ್ಬರ್ ಕವಾಟದ ಮೇಲೆ. ಮರಳಿನ ಕಣವೋ ಉಪ್ಪಿನ ಹರಳೋ ಸಿಕ್ಕಿ ಅದು ಪೂರ್ತಿ ಮುಚ್ಚಿರುವುದಿಲ್ಲ. ಸಿಹಿನೀರಿನಲ್ಲಿ ನೆನೆಸಿ ಜಾಲಾಡಿಸಿದರೆ ಬಹುಪಾಲು ಸರಿಹೋಗುತ್ತದೆ.

ಮಾಸ್ಕ್ ಪಟ್ಟಿ ಒಂದು ಇಟ್ಟುಕೊಳ್ಳುವುದಕ್ಕಿಂತ ಎರಡನೇ ಮಾಸ್ಕನ್ನೇ ಇಟ್ಟುಕೊಳ್ಳಿ. ಪಟ್ಟಿ ಹರಿಯುವುದಕ್ಕಿಂತ ಮಾಸ್ಕ್ ಕಳೆದುಹೋಗುವುದು, ದೋಣಿಯಲ್ಲಿ ಸಿಲಿಂಡರಿನ ಕೆಳಗೆ ಸಿಕ್ಕಿ ಗಾಜು ಒಡೆಯುವುದು ಹೆಚ್ಚು. ಚಷ್ಮಾ ಹಾಕುವವರಿಗಂತೂ ಅಲ್ಲಿ ಸಿಗುವ ಬಾಡಿಗೆ ಮಾಸ್ಕ್ ಕುರುಡರಿಗೆ ಕನ್ನಡಿ ಹಿಡಿದ ಹಾಗೆ. ಗೇಜಿನ ಅಂಕಿಯೂ ಕಾಣದಿದ್ದರೆ ಅದು ಬರೀ ಅನನುಕೂಲ ಅಲ್ಲ, ಅಪಾಯ. ಆದರೆ ಹೊಸ ಮಾಸ್ಕನ್ನು ಡಬ್ಬಿ ಒಡೆಯದೆ ಬಿಡಿಯೆಂದು ಒಯ್ದರೆ ಕೆಲಸಕ್ಕೆ ಬರುವುದಿಲ್ಲ. ಕಾರ್ಖಾನೆಯಲ್ಲಿ ಅಚ್ಚಿನಿಂದ ಬಿಡಿಸುವಾಗ ಉಳಿದ ಪಸೆ ಗಾಜಿನ ಮೇಲಿರುತ್ತದೆ, ನೀರಿಗೆ ಇಳಿದ ಕೂಡಲೇ ಮಂಜು ಕವಿಯುತ್ತದೆ. ಬಿಳಿ ಟೂತ್‌ಪೇಸ್ಟ್ ಹಚ್ಚಿ ಒಳಗಾಜನ್ನು ಬೆರಳಿನಿಂದ ಚೆನ್ನಾಗಿ ಉಜ್ಜಿ ತೊಳೆಯಿರಿ, ನಾಲ್ಕೈದು ಸಲ. ಗಾಜಿನ ಒಳಗೆ ವಿಶೇಷ ಲೇಪನವಿದೆ ಎಂದು ತಯಾರಕರು ಹೇಳಿದ್ದರೆ ಮಾತ್ರ ಉಜ್ಜಬೇಡಿ. ಆಮೇಲೆ ಈಜುಕೊಳದಲ್ಲಿ ಒಮ್ಮೆ ಹಾಕಿಕೊಂಡು ಸೋರುತ್ತದೆಯೇ ನೋಡಿ. ಒಮ್ಮೆಯೂ ನೀರು ಕಾಣದ ಬಿಡಿಭಾಗವನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಫಿನ್ ಪಟ್ಟಿ ಒಂದು ಜೊತೆ, ಬಕಲ್ ಸಮೇತ. ರಬ್ಬರ್ ಪಟ್ಟಿ ಇದ್ದವರು ಸ್ಪ್ರಿಂಗ್ ಪಟ್ಟಿಗೆ ಬದಲಾದರೆ ಈ ಚಿಂತೆಯೇ ಮುಗಿಯಿತು. ಆದರೂ ಅದನ್ನು ಫಿನ್ನಿಗೆ ಸೇರಿಸುವ ಪ್ಲಾಸ್ಟಿಕ್ ಗುಂಡಿಯೊಂದು ಬ್ಯಾಗಿನಲ್ಲಿರಲಿ.

ಕಂಪ್ಯೂಟರ್

ಡೈವಿನ ಆಳ, ಸಮಯ ನೋಡಿ ಮೈಗೆ ಸೇರಿದ ಸಾರಜನಕದ ಲೆಕ್ಕ ಇಡುವುದು ಕಂಪ್ಯೂಟರಿನ ಕೆಲಸ, ಹಾಗಾಗಿ ಇಲ್ಲಿ ಬಿಡಿ ಎಂಬುದರ ಅರ್ಥವೇ ಬೇರೆ. ಮೂರನೇ ದಿನ ಕಂಪ್ಯೂಟರ್ ಸತ್ತಾಗ ಬ್ಯಾಗಿನಿಂದ ಇನ್ನೊಂದನ್ನು ತೆಗೆದು ಕಟ್ಟಿಕೊಂಡರೆ ಅದಕ್ಕೆ ನೀವು ಈ ಪ್ರವಾಸದಲ್ಲಿ ನೀರನ್ನೇ ಮುಟ್ಟದವರು. ನಿಮ್ಮ ಮೈಯಲ್ಲಿ ಎರಡು ದಿನದ ಸಾರಜನಕ ಇದೆ, ಅದರ ಲೆಕ್ಕದಲ್ಲಿ ಸೊನ್ನೆ. ಅದು ಕೊಡುವ ನೋ-ಡೆಕೋ ಸಮಯ (ಮೇಲೇಳುವಾಗ ನಡುವೆ ತಡೆದು ನಿಲ್ಲುವ ಕಡ್ಡಾಯವಿಲ್ಲದೆ ಕೆಳಗಿರಬಹುದಾದ ಹೊತ್ತು) ನಂಬುವಂಥದ್ದಲ್ಲ. ಎರಡನೇ ಕಂಪ್ಯೂಟರ್ ಇದ್ದರೆ ಮೊದಲ ಡೈವಿನಿಂದಲೇ ಎರಡನ್ನೂ ಕಟ್ಟಿಕೊಳ್ಳಬೇಕು, ಇಲ್ಲವೇ ಒಂದನ್ನು ಜೇಬಿನಲ್ಲಾದರೂ ನೀರಿಗೆ ಒಯ್ಯಬೇಕು. ಜೊತೆಗಾರರ ಕಂಪ್ಯೂಟರ್ ನೋಡಿಕೊಂಡು ಮುಂದುವರಿಯುತ್ತೇನೆ ಎಂಬುದೂ ಸರಿಯಲ್ಲ, ನಿಮ್ಮಿಬ್ಬರ ಆಳ ಸಮಯ ಒಂದೇ ಆಗಿರಲಿಲ್ಲ. ಎರಡನೆಯದಿಲ್ಲದಿದ್ದರೆ 24 ಗಂಟೆ ನೀರಿನಿಂದ ದೂರ ಇದ್ದು ಹೊಸ ಕಂಪ್ಯೂಟರಿನಿಂದ ಶುರು ಮಾಡಬೇಕು.

ಬ್ಯಾಟರಿ ಬದಲಿಸುವಾಗಲೂ ಇದೇ ಎಚ್ಚರ. ಅನೇಕ ಮಾದರಿಗಳು ಬ್ಯಾಟರಿ ತೆಗೆದ ಕೂಡಲೇ ಹಳೆಯ ಲೆಕ್ಕ ಅಳಿಸಿಬಿಡುತ್ತವೆ. ಆದ್ದರಿಂದ ಬದಲಿಸುವುದಾದರೆ ಮನೆಯಲ್ಲೇ, ಹೊರಡುವ ಮುನ್ನ. ಪ್ರವಾಸ ಸಣ್ಣದಿದ್ದು ಬ್ಯಾಟರಿ ಗುರುತು ಅರ್ಧಕ್ಕಿಂತ ಕೆಳಗಿದ್ದರೂ ಬದಲಿಸಿ. ಸುಂಟೋ ಝೂಪ್ ನೋವೋ, ಮಾರೆಸ್ ಪಕ್ ಇವುಗಳಿಗೆ ಸಿಆರ್2450, ಕ್ರೆಸ್ಸಿ ಲಿಯೊನಾರ್ಡೊಗೆ ಸಿಆರ್2430, ಶಿಯರ್‌ವಾಟರ್ ಪರ್ಡಿಕ್ಸಿಗೆ ಸಾಮಾನ್ಯ ಎಎ ಸೆಲ್. ಇವುಗಳಲ್ಲಿ ದ್ವೀಪದ ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಗುವುದು ಎಎ ಮಾತ್ರ ಎಂದುಕೊಂಡೇ ಹೊರಡಿ. ವೈರ್‌ಲೆಸ್ ಟ್ರಾನ್ಸ್‌ಮಿಟರ್ ಇದ್ದರೆ ಅದಕ್ಕೆ ಬೇರೆ ಬ್ಯಾಟರಿ, ಹೆಚ್ಚಾಗಿ ಸಿಆರ್2. ಬ್ಯಾಟರಿಯ ಜೊತೆ ಅದರ ಮುಚ್ಚಳದ ಓ-ರಿಂಗೂ ಇರಬೇಕು. ಬ್ಯಾಟರಿ ಹೊಸದು ರಿಂಗ್ ಹಳೆಯದು ಎಂದಾದಾಗಲೇ ಕಂಪ್ಯೂಟರಿಗೆ ನೀರು ನುಗ್ಗುವುದು. ಟ್ರಾನ್ಸ್‌ಮಿಟರಿನ ಮೇಲೆ ಎಷ್ಟೇ ನಂಬಿಕೆಯಿರಲಿ, ಸಾದಾ ಗೇಜ್ ಒಂದನ್ನು ಕೈಬಿಡಬೇಡಿ.

ಬಿಸಿಡಿ

ಹೊರಡುವ ಹಿಂದಿನ ವಾರ ಬಾಯಿಂದ ಪೂರ್ತಿ ಊದಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಸ್ವಲ್ಪ ಮೆತ್ತಗಾಗಿದ್ದರೆ ಅದು ರಾತ್ರಿಯ ತಂಪಿನಿಂದ, ಜೋಲು ಬಿದ್ದಿದ್ದರೆ ಸೋರುತ್ತಿದೆ. ಸೋರುವ ಜಾಗ ಬಹುತೇಕ ಗಾಳಿ ಹೊರಬಿಡುವ ಡಂಪ್ ವಾಲ್ವಿನ ಸೀಟು, ಕೈಯಿಂದ ತಿರುಗಿಸಿ ಬಿಚ್ಚಿ ಮರಳು ತೊಳೆದರೆ ಸಾಕು. ಸುಕ್ಕುಗಟ್ಟಿದ ದಪ್ಪ ಹೋಸನ್ನು ಬಿಗಿದಿರುವ ಜಿಪ್ ಟೈ ಬಿಸಿಲಿಗೆ ಪುಡಿಯಾಗುತ್ತದೆ. ಮೌತ್‌ಪೀಸಿನ ಸಣ್ಣ ಟೈ ಅದಕ್ಕೆ ಸಾಲದು, 7–8 ಮಿಲಿಮೀಟರ್ ಅಗಲದ ಎರಡು ಬೇರೆ ಇಡಿ. ಇನ್‌ಫ್ಲೇಟರ್ ಬಟನ್ ಒತ್ತಿದ್ದು ಹಿಂದಕ್ಕೆ ಬರದಿದ್ದರೆ ಒಳಗೆ ಉಪ್ಪು ಕಟ್ಟಿದೆ ಎಂದರ್ಥ. ಬೆಚ್ಚಗಿನ ಸಿಹಿನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ ಬಟನ್ ಆಡಿಸಿ. ಬಂದರೂ ಅನುಮಾನ ಉಳಿದರೆ ಆ ದಿನ ಬಾಡಿಗೆ ಬಿಸಿಡಿ ಹಾಕಿಕೊಳ್ಳಿ. ತಾನಾಗಿ ಉಬ್ಬುವ ಬಿಸಿಡಿ ಮನುಷ್ಯರನ್ನು ಸೀದಾ ಮೇಲಕ್ಕೆ ಒಯ್ಯುತ್ತದೆ. ತೂಕದ ಚೀಲ ಬಿಸಿಡಿಗೇ ಸೇರಿದ ಮಾದರಿಯಾದರೆ ಚೀಲ ಕಳೆದ ದಿನಕ್ಕೆಂದು ಸಾದಾ ವೆಯ್ಟ್ ಬೆಲ್ಟ್ ಕೇಳಿ ಪಡೆಯಬಹುದು, ಅದಕ್ಕೆ ಎರಡನೇ ಜೊತೆ ಹೊರಬೇಕಿಲ್ಲ.

ನೀರಿನೊಳಗಿನ ಎರಡನೆಯದು

ದೋಣಿಯ ಡಬ್ಬಿಯಲ್ಲಿರುವುದು ಡೈವನ್ನು ಉಳಿಸುತ್ತದೆ, ಮೈಮೇಲಿರುವುದು ಮನುಷ್ಯರನ್ನು. ಇವೆರಡನ್ನೂ ಒಂದೇ ಪಟ್ಟಿಯಲ್ಲಿ ಬರೆಯುವುದರಿಂದ ಗೊಂದಲ. ರಾತ್ರಿ ಡೈವಿಗೆ ಎರಡು ಟಾರ್ಚ್ ಇರಬೇಕು, ಎರಡೂ ಮೈಮೇಲೆಯೇ. ಒಂದನ್ನು ದೋಣಿಯಲ್ಲಿಟ್ಟರೆ ಅದು ಇಲ್ಲದ ಲೆಕ್ಕ. ದಾರ ಕತ್ತರಿಸಲು ಚಾಕು ಕಾಲಿಗೆ ಕಟ್ಟಿಕೊಳ್ಳುವುದಕ್ಕಿಂತ ಸಣ್ಣ ಲೈನ್ ಕಟರ್ ಸೊಂಟದ ಬೆಲ್ಟಿನಲ್ಲೊಂದು, ಟ್ರಾಮಾ ಕತ್ತರಿ ಜೇಬಿನಲ್ಲೊಂದು ಇರುವುದು ಒಳ್ಳೆಯದು. ನಮ್ಮ ಕರಾವಳಿಯಲ್ಲಿ ಮೀನುಬಲೆಯ ತುಂಡುಗಳು ಸಾಮಾನ್ಯ, ಎಡಗೈಗೂ ಬಲಗೈಗೂ ಎಟುಕುವಂತೆ ಇರಲಿ. ನೀವಿರುವ ಜಾಗವನ್ನು ದೋಣಿಗೆ ತೋರಿಸುವ ಎಸ್‌ಎಂಬಿ ಎಂಬ ಕಿತ್ತಳೆ ಬಲೂನು, ಅದರೊಡನೆ 30 ಮೀಟರ್ ದಾರ ಸುತ್ತಿದ ಫಿಂಗರ್ ಸ್ಪೂಲ್, 316 ಸ್ಟೇನ್‌ಲೆಸ್ ಸ್ಟೀಲಿನ ಎರಡು ಬಾಯಿಯ ಬೋಲ್ಟ್ ಸ್ನ್ಯಾಪ್. ಅಗ್ಗದ ಸ್ನ್ಯಾಪುಗಳ ಹೊರಮೈ ಹೊಳೆಯುತ್ತಿದ್ದರೂ ಒಳಗಿನ ಸ್ಪ್ರಿಂಗ್ ಕಬ್ಬಿಣದ್ದು, ಒಂದೆರಡು ಪ್ರವಾಸಕ್ಕೇ ತುಕ್ಕು ಹಿಡಿದು ನಿಲ್ಲುತ್ತದೆ. ಸೆಳೆತ ಜೋರಿರುವ ಮಾಲ್ಡೀವ್ಸಿನಂಥ ಕಡೆ ಗುಂಪಿನಲ್ಲಿ ಪ್ರತಿಯೊಬ್ಬರ ಬಳಿಯೂ ಎಸ್‌ಎಂಬಿ ಬೇಕು, ಗೈಡ್ ಬಳಿ ಇದೆ ಎಂಬ ನಂಬಿಕೆ ಸಾಲದು.

ಬಿಡಿ ಗಾಳಿಗೆಂದು ಪೋನಿ ಎಂಬ ಸಣ್ಣ ಸಿಲಿಂಡರ್ ವಿಮಾನದಲ್ಲಿ ಒಯ್ಯುವ ಆಸೆ ಬಿಡಿ. ಒಳಗೆ ಖಾಲಿ ಎಂದು ಭದ್ರತಾ ಸಿಬ್ಬಂದಿಗೆ ಕಣ್ಣಾರೆ ಕಾಣಬೇಕಾದರೆ ವಾಲ್ವ್ ಬಿಚ್ಚಿರಬೇಕು, ಬಿಚ್ಚಿದ ಸಿಲಿಂಡರನ್ನು ಅಲ್ಲಿ ಸ್ವಚ್ಛವಾಗಿ ಮರಳಿ ಜೋಡಿಸಬೇಕು. ಬೇಕೆಂದರೆ ಅಲ್ಲೇ ಕೇಳಿ ಪಡೆಯಿರಿ.

ಸಲಕರಣೆ

ಆರಿಂಚಿನ ಅಡ್ಜಸ್ಟಬಲ್ ಸ್ಪ್ಯಾನರ್ ಎರಡು. ಒಂದೇ ಇದ್ದರೆ ಹೋಸನ್ನು ಸೆಕೆಂಡ್ ಸ್ಟೇಜಿನಿಂದ ಬಿಡಿಸಲಾಗದು, ಒಂದು ಹಿಡಿಯಬೇಕು ಒಂದು ತಿರುಗಿಸಬೇಕು. ಅಲೆನ್ ಕೀ 4, 5, 6, 8 ಮಿಲಿಮೀಟರ್. ಪೋರ್ಟ್ ಪ್ಲಗ್ ಕೆಲವು 5/32 ಇಂಚಿನದ್ದಿರುತ್ತವೆ, 4 ಮಿಲಿಮೀಟರಿನ ಕೀ ಅದಕ್ಕೂ ಹೊಂದುತ್ತದೆ. ಹಿತ್ತಾಳೆಯ ಪಿಕ್, ಸಣ್ಣ ಚಪ್ಪಟೆ ಸ್ಕ್ರೂಡ್ರೈವರ್, ಮೂತಿ ಚೂಪಾದ ಇಕ್ಕಳ, ಹಳೆಯ ಟೂತ್‌ಬ್ರಶ್, ಜಿಪ್ ಟೈ ಕತ್ತರಿಸಲು ಕಟರ್. 4 ಮತ್ತು 6 ಮಿಲಿಮೀಟರ್ ಬಂಗೀ ದಾರ ತಲಾ 2 ಮೀಟರ್, ಹುರಿ ನೈಲಾನ್ 5 ಮೀಟರ್, ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಬಳೆ ಒಂದಿಷ್ಟು. ಈ ಟ್ಯೂಬ್ ಬಳೆಗಳು ಗೇಜ್ ಕಟ್ಟಲು, ಟಾರ್ಚ್ ಹಿಡಿಸಲು, ಸಡಿಲ ಪಟ್ಟಿ ಒಟ್ಟುಮಾಡಲು, ಎಲ್ಲದಕ್ಕೂ ಆಗುತ್ತವೆ. ಅಂಗಡಿಯ ದುಬಾರಿ ಕ್ಲಿಪ್ಪಿಗಿಂತ ಚೆನ್ನ. ಸಿಲಿಕೋನ್ ಗ್ರೀಸ್ ಸಣ್ಣ ಡಬ್ಬಿಯೊಂದು, ಆದರೆ ಕ್ಯಾಮೆರಾ ಹೌಸಿಂಗಿನ ರಿಂಗ್ ಸಿಲಿಕೋನಿನದ್ದೇ ಆಗಿದ್ದರೆ ಅದಕ್ಕೆ ಹಚ್ಚಬಾರದು, ರಿಂಗ್ ಊದಿಕೊಳ್ಳುತ್ತದೆ. 40 ಪ್ರತಿಶತಕ್ಕಿಂತ ಹೆಚ್ಚು ಆಮ್ಲಜನಕ ಬಳಸುವವರಿಗೆ ಬೇಕಾದ್ದು ಕ್ರಿಸ್ಟೋಲ್ಯೂಬ್‌ನಂಥ ಆಮ್ಲಜನಕಕ್ಕೆ ಒಗ್ಗುವ ಗ್ರೀಸ್.

ವೆಟ್‌ಸೂಟ್ ಹರಿದರೆ ಅಂಟಿಸುವ ನಿಯೋಪ್ರೀನ್ ಅಂಟು ಬೆಂಕಿ ಹೊತ್ತುವ ದ್ರವ. ವಿಮಾನದಲ್ಲಿ ಕೈಚೀಲಕ್ಕೂ ಇಲ್ಲ, ಲಗೇಜಿಗೂ ಇಲ್ಲ. ಬಾಗಿದ ಸೂಜಿ, ಮೇಣ ಹಚ್ಚಿದ ನೈಲಾನ್ ದಾರ ಒಯ್ಯಿರಿ. ಹಲ್ಲಿನ ಫ್ಲಾಸ್ ದಾರವೂ ನಡೆಯುತ್ತದೆ.

ಎಲ್ಲಿಗೆ ಎಷ್ಟು

ನೇತ್ರಾಣಿಗೆ ಒಂದು ದಿನ ಹೋಗಿಬರುವವರು, ಅದರಲ್ಲೂ ಸೆಂಟರಿನ ಸಾಮಾನೇ ಬಳಸುವವರು, ಮೇಲಿನದ್ದನ್ನೆಲ್ಲ ಓದಿ ಗಾಬರಿಯಾಗಬೇಕಿಲ್ಲ. ಸ್ವಂತ ಮಾಸ್ಕ್, ಹೊಸ ಮೌತ್‌ಪೀಸ್ ಒಂದು, ನಾಲ್ಕು ಜಿಪ್ ಟೈ, ಐದು 014 ರಿಂಗ್, ಅಷ್ಟೇ. ಸ್ವಂತ ರೆಗ್ಯುಲೇಟರ್ ಇರುವವರು ರಿಂಗುಗಳ ಪೂರ್ತಿ ಸೆಟ್, ಎರಡು ಸ್ಪ್ಯಾನರ್ ಸೇರಿಸಿಕೊಳ್ಳಲಿ. ಅಕ್ಟೋಬರಿನಿಂದ ಮೇ ತನಕದ ಸೀಸನ್ ಶುರುವಾಗುವ ಮೊದಲ ವಾರಗಳಲ್ಲಿ ಸ್ವಲ್ಪ ಹೆಚ್ಚೇ ಇರಲಿ. ಮಳೆಗಾಲವಿಡೀ ಕಪಾಟಿನಲ್ಲಿದ್ದ ರಬ್ಬರ್ ಆಗಲೇ ಕೈಕೊಡುವುದು.

ಹ್ಯಾವ್‌ಲಾಕ್ ಅಥವಾ ನೀಲ್ (ಈಗಿನ ಶಹೀದ್) ದ್ವೀಪದ ವಾರದ ಪ್ರವಾಸಕ್ಕೆ ಇದರ ಮೇಲೆ ಎರಡನೇ ಮಾಸ್ಕ್, ಫಿನ್ ಪಟ್ಟಿ, ಬ್ಯಾಟರಿಗಳು, ಗೇಜಿನ ಸ್ಪೂಲ್, ಇನ್‌ಫ್ಲೇಟರ್ ಹೋಸ್. ದೊಡ್ಡದು ಕೆಟ್ಟರೆ ಸೆಂಟರಿನವರು ಇದ್ದಾರೆ. ಲಕ್ಷದ್ವೀಪದ ಮಾತು ಬೇರೆ. ಪರವಾನಗಿ ಪಡೆದು ಕೊಚ್ಚಿಯಿಂದ ಅಗತ್ತಿಗೋ ಕದ್ಮತ್‌ಗೋ ಹೋದ ಮೇಲೆ ಪಕ್ಕದ ಅಂಗಡಿಯಲ್ಲಿ ವಿಚಾರಿಸೋಣ ಎಂದರೆ ಪಕ್ಕದ ಅಂಗಡಿ ಇರುವುದಿಲ್ಲ. ಅಲ್ಲಿಗೆ ಮೂರು ಹೋಸನ್ನೂ ಹೊತ್ತುಕೊಂಡು ಹೋಗಿ.

ಮಾಲ್ಡೀವ್ಸಿನ ಲಿವ್‌ಅಬೋರ್ಡ್ ಹಡಗಿನಲ್ಲಿ ವಾರವಿಡೀ ದಿನಕ್ಕೆ ಮೂರು ಡೈವ್. ಅಲ್ಲಿ ಸಾಮಾನು ಒಣಗುವುದೇ ಇಲ್ಲ, ಹಾಗಾಗಿ ಕೆಡುವುದೂ ಬೇಗ. ನಾಲ್ಕೈದು ಮಂದಿ ಒಟ್ಟಿಗೆ ಹೋಗುವಾಗ ಪ್ರತಿಯೊಬ್ಬರೂ ಎಲ್ಲವನ್ನೂ ಹೊರುವುದು ಮೂರ್ಖತನ. ಗುಂಪಿಗೆ ಒಂದು ಪೂರ್ತಿ ರೆಗ್ಯುಲೇಟರ್ ಸೆಟ್, ಒಂದು ಸಲಕರಣೆ ಡಬ್ಬಿ, ಮೂರು ಹೋಸ್. ಮಾಸ್ಕ್, ಪಟ್ಟಿ, ಬ್ಯಾಟರಿ ಮಾತ್ರ ಅವರವರದ್ದು. ಹೊರಡುವ ಮುಂಚೆ ವಾಟ್ಸಾಪಿನಲ್ಲಿ ಯಾರು ಏನು ತರುತ್ತಾರೆ ಎಂದು ಹಂಚಿಕೊಳ್ಳಿ. ಇಲ್ಲದಿದ್ದರೆ ಐದು ಡಬ್ಬಿ ಗ್ರೀಸ್ ಬರುತ್ತದೆ, 8 ಮಿಲಿಮೀಟರಿನ ಅಲೆನ್ ಕೀ ಒಂದೂ ಬರುವುದಿಲ್ಲ.

ವಿಮಾನದ ತೂಕ

ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯವಾಗಿ 15 ಕಿಲೋ ಲಗೇಜ್, 7 ಕಿಲೋ ಕೈಚೀಲ. ಕೈಚೀಲಕ್ಕೆ ರೆಗ್ಯುಲೇಟರ್, ಕಂಪ್ಯೂಟರ್, ಎರಡೂ ಮಾಸ್ಕ್. ಲಗೇಜ್ ತಪ್ಪಿದರೂ ಇವಿಷ್ಟಿದ್ದರೆ ಉಳಿದದ್ದು ಬಾಡಿಗೆಗೆ ಸಿಗುತ್ತದೆ. ಸ್ಪ್ಯಾನರ್, ಕಟರ್, ಚಾಕು, ಪಿಕ್ ಎಲ್ಲ ಲಗೇಜಿಗೆ. ಬಿಡಿ ಲಿಥಿಯಂ ಬ್ಯಾಟರಿ ಮತ್ತು ಪವರ್ ಬ್ಯಾಂಕ್ ತದ್ವಿರುದ್ಧ, ಕೈಚೀಲಕ್ಕೇ ಹೋಗಬೇಕು, ಪ್ರತಿಯೊಂದರ ತುದಿಯೂ ಮುಚ್ಚಿರಬೇಕು. 100 ವಾಟ್-ಅವರ್ ತನಕ ಸಾಮಾನ್ಯವಾಗಿ ಸಮಸ್ಯೆಯಿಲ್ಲ, 100ರಿಂದ 160ರ ವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು, ಅಂಥವು ಎರಡೇ. ಟಾರ್ಚಿನ 18650 ಸೆಲ್ ಒಂದರದ್ದು 12 ವಾಟ್-ಅವರ್ ಆಸುಪಾಸು, ಆದ್ದರಿಂದ ಅದರ ಚಿಂತೆಯಿಲ್ಲ. ಆದರೆ ಟಾರ್ಚಿನೊಳಗೆ ಸೆಲ್ ಬಿಡಬೇಡಿ. ನೀರಿನಲ್ಲಿ ಉರಿಯಲೆಂದು ಮಾಡಿದ ಟಾರ್ಚ್ ಬ್ಯಾಗಿನೊಳಗೆ ಆಕಸ್ಮಿಕವಾಗಿ ಹೊತ್ತಿಕೊಂಡರೆ ಬಟ್ಟೆ ಸುಡುವಷ್ಟು ಬಿಸಿಯಾಗುತ್ತದೆ.

ಸರ್ವಿಸ್ ಯಾವಾಗ

ಹೊರಡುವ ಹಿಂದಿನ ದಿನ ರೆಗ್ಯುಲೇಟರನ್ನು ಸರ್ವಿಸಿನಿಂದ ತಂದು ನೇರ ಬ್ಯಾಗಿಗೆ ಹಾಕುವುದು ಬಹಳ ಜನರ ಅಭ್ಯಾಸ. ಹೊಸ ಸೀಟು ಕೂರಲು, ಒತ್ತಡ ನೆಲೆಗೊಳ್ಳಲು ಸಮಯ ಬೇಕು. ಜೋಡಣೆಯ ತಪ್ಪೇನಾದರೂ ಇದ್ದರೆ ಬಯಲಾಗುವುದು ಮೊದಲ ಒಂದೆರಡು ಬಳಕೆಯಲ್ಲಿ. ತಿಂಗಳು ಮುಂಚೆ ಸರ್ವಿಸ್ ಮಾಡಿಸಿ, ಈಜುಕೊಳದಲ್ಲೊಮ್ಮೆ ಉಸಿರಾಡಿ ನೋಡಿ. ಫಸ್ಟ್ ಸ್ಟೇಜ್ ಇಳಿಸಿ ಕೊಡುವ ಒತ್ತಡವನ್ನು ಅಳೆಯುವ ಇಂಟರ್‌ಮೀಡಿಯೇಟ್ ಪ್ರೆಶರ್ ಗೇಜ್ ಇದ್ದರೆ ಇನ್‌ಫ್ಲೇಟರ್ ಹೋಸಿಗೆ ಸಿಕ್ಕಿಸಿ. ಸಾಮಾನ್ಯವಾಗಿ 9–10 ಬಾರ್ ತೋರಿಸಿ ಅಲ್ಲೇ ನಿಲ್ಲಬೇಕು. ಮುಳ್ಳು ಸದ್ದಿಲ್ಲದೆ ಮೇಲೇರುತ್ತಲೇ ಇದ್ದರೆ ಒಳಗಿನ ಹೈ ಪ್ರೆಶರ್ ಸೀಟು ಕೂತಿಲ್ಲ, ಸ್ವಲ್ಪ ಹೊತ್ತಿಗೆ ಸೆಕೆಂಡ್ ಸ್ಟೇಜ್ ತಾನಾಗಿ ಗಾಳಿ ಬಿಡಲು ಶುರು ಮಾಡುತ್ತದೆ. ಗೇಜ್ ಇಲ್ಲದಿದ್ದರೆ ಫಸ್ಟ್ ಸ್ಟೇಜಿನ ಧೂಳುಮುಚ್ಚಳ ಬಿಗಿದು ಸೆಕೆಂಡ್ ಸ್ಟೇಜನ್ನು ಬಾಯಿಂದ ಎಳೆಯಿರಿ. ಎಳೆತ ಬಿಗಿಯಾಗಿ ನಿಲ್ಲಬೇಕು. ಗಾಳಿ ಬಂದರೆ ಡಯಾಫ್ರಮ್, ನಿಶ್ವಾಸದ ಕವಾಟ ಅಥವಾ ಮೌತ್‌ಪೀಸ್, ಮೂರರಲ್ಲೊಂದು ತೂತು.

ಸರ್ವಿಸ್ ಕಿಟ್ ಮಾತ್ರ ಪ್ರವಾಸಕ್ಕೆ ಒಯ್ಯಬೇಡಿ. ತರಬೇತಿ ಇಲ್ಲದೆ ಫಸ್ಟ್ ಸ್ಟೇಜ್ ಬಿಚ್ಚಬಾರದು, ತರಬೇತಿ ಇದ್ದವರೂ ಉಪ್ಪುಗಾಳಿ ಬೀಸುವ ಡೆಕ್ಕಿನ ಮೇಲೆ ಬಿಚ್ಚಬಾರದು. ಹಡಗಿನಲ್ಲಿ ಯಾರಾದರೂ ‘ಕೊಡಿ ಇಲ್ಲಿ, ಐದು ನಿಮಿಷ’ ಎಂದರೆ ನಕ್ಕು ಬ್ಯಾಗಿಗೆ ಹಾಕಿಕೊಳ್ಳಿ. ಹಡಗಿನ ರೆಗ್ಯುಲೇಟರ್ ಕೇಳಿ.

ವಾಪಸು ಬಂದ ಮೇಲೆ ಸಲಕರಣೆಗಳನ್ನೂ ಸಿಹಿನೀರಿನಲ್ಲಿ ತೊಳೆದು ಒಣಗಿಸಿ, ಸ್ಪ್ಯಾನರಿಗೆ ಎಣ್ಣೆ ಒರೆಸಿ. ಆದರೆ ಆ ಬಟ್ಟೆ, ಆ ಎಣ್ಣೆ ಕೈ ರೆಗ್ಯುಲೇಟರಿನ ಹತ್ತಿರ ಬರಬಾರದು. ರಿಂಗುಗಳ ಕವರುಗಳನ್ನು ಬಿಸಿಲಿಗೆ ನಿಂತ ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ, ಫ್ರಿಜ್ಜಿನ ಹಿಂಭಾಗದಲ್ಲೂ ಬೇಡ. ಬಿಸಿ ನೈಟ್ರೈಲನ್ನು ಗಟ್ಟಿ ಮಾಡಿ ಬಿರುಕು ಬಿಡಿಸುತ್ತದೆ. ಬಳಸಿ ಖಾಲಿಯಾದದ್ದನ್ನು ಅದೇ ವಾರ ತರಿಸಿ ತುಂಬಿಸಿ.